ನಾಡಿಯೋ ಉಸಿರೋ... ಹೈದರಾಬಾದಿನ ನಾಯಿಗಳ ಕಥೆ

ಬ್ಲಾಗಿಗೆ ಧೂಳು ಹಿಡಿದು ಎಷ್ಟೋ ತಿಂಗಳಾಯ್ತು. ಕೆಲಸದ ನೆಪ ಹೇಳಿದರೆ ನೀವ್ಯಾರೂ ನಂಬಲ್ಲ ಅಂತ ಗೊತ್ತು, ಹಾಗಾಗಿ ಸೀದಾ ವಿಷಯಕ್ಕೇ ಬರ್ತೀನಿ.

ಭರತ ಹುಣ್ಣಿಮೆಯ ಜಾತ್ರೆ ಮುಗಿದು ಜನ ಕರಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಉಚ್ಚಂಗಿದುರ್ಗಕ್ಕೆ ಹೋಗಿದ್ದೆ. ಆರು ತಿಂಗಳ ಹಿಂದೆ ಅಪ್ಪನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಗುಣವಾದರೆ ನಡೆದೇ ಬೆಟ್ಟ ಹತ್ತಿಸ್ತೀನಿ ಅಂತ ಅಮ್ಮ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಿದ್ದಳು. ಹರಕೆ ಹೊತ್ತವಳು ಅಮ್ಮ, ಹತ್ತಬೇಕಾದವರು ನಾವಿಬ್ಬರು :)

ನಮ್ಮ ಕಡೆಯ ಊರುಗಳಿಗೆ ಹೋಗಿ ಬಂದವರಿಗೆ ಈ ದುರ್ಗ ಗೊತ್ತಿರುತ್ತೆ. ಹರಪನಹಳ್ಳಿ ತಾಲ್ಲೂಕು, ಸುತ್ತ ಬಯಲು, ಮಧ್ಯೆ ಬಂಡೆಗಳ ಬೆಟ್ಟ. ಒಂದು ಕಾಲಕ್ಕೆ ಉಚ್ಚಂಗಿ ಪಾಂಡ್ಯರ ರಾಜಧಾನಿ. ಹೊಯ್ಸಳರ ಇಮ್ಮಡಿ ಬಲ್ಲಾಳ ಈ ಕೋಟೆ ಗೆದ್ದ ಮೇಲೆ ಗಿರಿದುರ್ಗಮಲ್ಲ ಅನ್ನೋ ಬಿರುದು ಹೊತ್ತ. ಮೆಟ್ಟಿಲು ಅರ್ಧ ಏರುವಷ್ಟರಲ್ಲೇ ಆ ಬಿರುದಿಗೆ ಅವನು ಪೂರ್ತಿ ಅರ್ಹ ಅಂತ ನನಗೆ ಮನವರಿಕೆಯಾಯ್ತು. ದಿನಕ್ಕೆ ಹತ್ತು ಗಂಟೆ ಕುರ್ಚಿ ಮೇಲೆ ಕೂತು ಕೋಡ್ ಕುಟ್ಟುವವನ ಶ್ವಾಸಕೋಶ ಅದು. ಏದುಸಿರು ಬಿಡುತ್ತಾ ಒಂದು ಬಂಡೆ ನೆರಳಿಗೆ ಕೂತೆ. ಅಪ್ಪ ಆರಾಮಾಗಿ ಪಕ್ಕದಲ್ಲಿ ನಿಂತು ಪಂಚೆ ಕೊಡವಿಕೊಳ್ಳುತ್ತಿದ್ದ.

ಆಗ ಕೇಳಿದ: "ಅಲ್ಲಪ್ಪಾ, ಆವತ್ತು ಆಪರೇಷನ್ ಮಾಡೋ ಡಾಕ್ಟ್ರು ಹೊಟ್ಟಿ ಹತ್ರ ಇದ್ರು. ಇನ್ನೊಬ್ರು ಡಾಕ್ಟ್ರಮ್ಮ ನನ್ ತಲಿ ಹತ್ರ ಕುಂತ್ಕಂಡಿದ್ರು. ಅವ್ರು ಅಷ್ಟೊತ್ತೂ ಏನ್ ನೋಡ್ತಿರ್ತಾರ? ಉಸಿರು ನೋಡ್ತಾರೋ ನಾಡಿ ನೋಡ್ತಾರೋ?"

"ಎರಡೂ ನೋಡ್ತಾರೆ ಅನ್ಸುತ್ತಪ್ಪ" ಅಂದೆ, ಸಿಕ್ಕ ಒಂದೆರಡು ಉಸಿರಲ್ಲಿ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಹುಡುಕುತ್ತಾ ಕೂತರೆ, ಅಪ್ಪ ಕೇಳಿದ ಇದೇ ಪ್ರಶ್ನೆಗಾಗಿ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಡಾಕ್ಟರುಗಳು ಹೊಡೆದಾಡದ ಒಂದೇ ಒಂದು ಬಾಕಿ ಇಟ್ಟು ಜಗಳವಾಡಿದ್ದರು! ಅದರ ತೀರ್ಪು ಕೊಡೋಕೆ ಪ್ರಯೋಗ ನಡೆದದ್ದು ಲಂಡನ್ನಿನಲ್ಲಲ್ಲ, ಹೈದರಾಬಾದಿನಲ್ಲಿ. ಅದೂ ನಿಜಾಮನ ದುಡ್ಡಿನಲ್ಲಿ.

ಹೈದರಾಬಾದು ನಮಗೆ ಯಾವ ಲೆಕ್ಕ ಅಂತ ಕೇಳಬೇಡಿ. ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟಿದ್ದರಿಂದ ನಮ್ಮ ಹರಪನಹಳ್ಳಿ ಮದ್ರಾಸಿಗೆ ಸೇರಿತ್ತು, ಸರಿ. ಆದರೆ ಹೊಸಪೇಟೆ ಹತ್ತಿರ ತುಂಗಭದ್ರೆ ದಾಟಿದರೆ ಆಚೆ ದಡ ನಿಜಾಮನದೇ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲ ಆ ಸಂಸ್ಥಾನದ್ದೇ. ಅಂದರೆ ಆ ಪ್ರಯೋಗಕ್ಕೆ ಸುರಿದ ದುಡ್ಡಿನಲ್ಲಿ ದೋಆಬಿನ ಜೋಳ ಬೆಳೆದ ರೈತನ ಕಂದಾಯವೂ ಇತ್ತು.

ಜಗಳ ಏನು ಅಂತ ಮೊದಲು ಹೇಳ್ತೀನಿ. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಸಿ ರೋಗಿಯನ್ನು ಮಂಪರಿಗೆ ಕಳಿಸಬಹುದು ಅಂತ ತೋರಿಸಿದ. ಕರವಸ್ತ್ರದ ಮೇಲೆ ನಾಲ್ಕು ಹನಿ, ಮೂಗಿನ ಹತ್ತಿರ ಹಿಡಿದರೆ ಸಾಕು. ಅದಕ್ಕೆ ಸ್ವಲ್ಪ ಮುಂಚಿನವರೆಗೂ ನಾಲ್ಕು ಜನ ಹಿಡಿದುಕೊಂಡು ಕೈಕಾಲು ಕೊಯ್ಯುತ್ತಿದ್ದ ಕಾಲ. ಜನಕ್ಕೆ ಇದು ಪವಾಡದ ಹಾಗೇ ಕಂಡಿರಬೇಕು. ಮೂರು ತಿಂಗಳು ಕಳೆದಿರಲಿಲ್ಲ, 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಅನ್ನೋ ಹದಿನೈದರ ಹುಡುಗಿ ಸತ್ತಳು. ದೊಡ್ಡ ಆಪರೇಷನ್ ಏನಲ್ಲ, ಕಾಲ್ಬೆರಳಿನ ಉಗುರು ತೆಗೆಯೋದಿತ್ತು. ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯ್ತು.

ಯಾಕೆ ಸತ್ತಳು? ಜಾನ್ ಸ್ನೋ ಹೇಳಿದ್ದು, ಕ್ಲೋರೋಫಾರ್ಮ್ ಅವಳ ಹೃದಯವನ್ನೇ ನಿಲ್ಲಿಸಿತು ಅಂತ. (ಕಾಲರಾ ನೀರಿನಿಂದ ಹರಡುತ್ತೆ ಅಂತ ಲಂಡನ್ನಿನ ಪಂಪು ತೋರಿಸಿದ ಸ್ನೋ ಇವನೇ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವನೂ ಇವನೇ.) ಸಿಂಪ್ಸನ್ ಒಪ್ಪಲಿಲ್ಲ. ಎಚ್ಚರಿಸೋಕೆ ಅಂತ ಬಾಯಿಗೆ ನೀರು, ಬ್ರಾಂದಿ ಹೊಯ್ದಿರಲ್ಲ, ಅದು ಗಂಟಲಿಗೆ ಸಿಕ್ಕಿ ಉಸಿರುಕಟ್ಟಿ ಸತ್ತಳು ಅಂದ. ಅಲ್ಲಿಂದ ಎರಡು ಪಂಗಡ. ಲಂಡನ್ನಿನವರು ರೋಗಿಯ ನಾಡಿ ಮೇಲೆ ಬೆರಳಿಟ್ಟು ಕೂರುವವರು. ಎಡಿನ್‌ಬರೋದವರು, ಅದರಲ್ಲೂ ಜೇಮ್ಸ್ ಸೈಮ್ ಅನ್ನೋ ಸರ್ಜನ್ನನ ಶಿಷ್ಯರು, ಉಸಿರು ನೋಡುವವರು. ಅವರ ವಾದ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಉಸಿರೇ ಮೊದಲು ನಿಲ್ಲೋದು, ನಾಡಿ ಹಿಡಿದು ಕೂತವನು ಅದನ್ನು ಗಮನಿಸೋ ಹೊತ್ತಿಗೆ ಕಾಲ ಮೀರಿರುತ್ತೆ ಅಂತ.

ಆ ಸೈಮ್‌ನ ಶಿಷ್ಯನೊಬ್ಬ ಎಡ್ವರ್ಡ್ ಲಾರಿ. 1885ರಿಂದ ಹೈದರಾಬಾದಿನಲ್ಲಿ ರೆಸಿಡೆನ್ಸಿ ಸರ್ಜನ್, ಅಫ್ಜಲ್‌ಗಂಜ್ ಆಸ್ಪತ್ರೆಯ ಮುಖ್ಯಸ್ಥ, ಮೆಡಿಕಲ್ ಶಾಲೆಯ ಪ್ರಿನ್ಸಿಪಾಲ್. ಸಾವಿರಾರು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡಿಸಿದವನು. ನಾಡಿ ಕಡೆ ತಿರುಗಿ ನೋಡಬೇಡಿ, ಉಸಿರು ಮಾತ್ರ ನೋಡಿ ಅಂತ ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಹೇಳಿಕೊಡ್ತಿದ್ದ. ಗುರು ಹೇಳಿದ್ದನ್ನು ಪುರಾವೆ ಸಮೇತ ಸಾಬೀತು ಮಾಡಬೇಕು ಅನ್ನೋ ಹಟ ಅವನಿಗೆ. ನಿಜಾಮ ಮಹಬೂಬ್ ಅಲಿ ಖಾನ್ ಒಪ್ಪಿದ. 1888ರಲ್ಲಿ ಮೊದಲನೇ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ಕೂತಿತು. 141 ನಾಯಿಗಳ ಮೇಲೆ ಪ್ರಯೋಗ. ಒಂದರಲ್ಲೂ ಹೃದಯ ಮೊದಲು ನಿಲ್ಲಲಿಲ್ಲ, ಉಸಿರೇ ಮೊದಲು ನಿಂತಿತು ಅನ್ನೋದು ವರದಿ.

ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಗೆ ಇದು ಒಪ್ಪಿಗೆಯಾಗಲಿಲ್ಲ. ಎಲ್ಲೋ ಹೈದರಾಬಾದಿನಲ್ಲಿ ಕೂತು ಮಾಡಿದ ಪ್ರಯೋಗ ಅನ್ನೋ ಧೋರಣೆಯೂ ಅದರಲ್ಲಿ ಇದ್ದಿರಬೇಕು ಅಂತ ನನ್ನ ಗುಮಾನಿ. ಆಫ್‌ಶೋರ್ ಟೀಮಿನ ರಿಪೋರ್ಟನ್ನು ಆನ್‌ಸೈಟಿನವರು ನೋಡೋ ರೀತಿ ನಮಗೇನು ಹೊಸದೇ :) ನಿಜಾಮನ ಕಡೆಯಿಂದ ಬಂದ ಉತ್ತರ ಮಾತ್ರ ಮಜವಾಗಿತ್ತು. ಸಾವಿರ ಪೌಂಡ್ ಕೊಡ್ತೀವಿ, ನಿಮಗೆ ಬೇಕಾದವರನ್ನೇ ಆರಿಸಿ ಕಳಿಸಿ, ಬಂದು ಕಣ್ಣಾರೆ ನೋಡಲಿ!

ಲ್ಯಾನ್ಸೆಟ್ ಆರಿಸಿದ್ದು ಥಾಮಸ್ ಲಾಡರ್ ಬ್ರಂಟನ್‌ನನ್ನು. ಸಾಮಾನ್ಯ ಆಸಾಮಿಯಲ್ಲ. ಎದೆನೋವಿಗೆ ಅಮೈಲ್ ನೈಟ್ರೈಟ್ ಅನ್ನೋ ಔಷಧಿ 1867ರಲ್ಲಿ ಕಂಡುಕೊಂಡವನು, ಔಷಧಗಳ ವಿಷಯದಲ್ಲಿ ಆ ಕಾಲದ ದೊಡ್ಡ ಹೆಸರು. ಮತ್ತೆ, ಕ್ಲೋರೋಫಾರ್ಮ್ ಹೃದಯವನ್ನು ನಿಲ್ಲಿಸಬಲ್ಲದು ಅನ್ನೋ ಅಭಿಪ್ರಾಯ ಇಟ್ಟುಕೊಂಡೇ ಬಂದವನು. ಲಾರಿ, ಬ್ರಂಟನ್, ಬಾಮ್‌ಫೋರ್ಡ್ ಅನ್ನೋ ಇನ್ನೊಬ್ಬ ಸೇನಾ ವೈದ್ಯ, ಜೊತೆಗೆ ಡಾಕ್ಟರ್ ರುಸ್ತುಂಜಿ, ಇಷ್ಟು ಜನ ಸೇರಿ 1889ರ ಅಕ್ಟೋಬರ್ 23ರಿಂದ ಡಿಸೆಂಬರ್ 18ರವರೆಗೆ ಪ್ರಯೋಗ ನಡೆಸಿದರು. ಇದು ಎರಡನೇ ಕಮಿಷನ್.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಅವರ ಯಂತ್ರ ನನಗೆ ಬಹಳ ಹಿಡಿಸಿತು. ಪ್ರಾಣಿಯ ರಕ್ತನಾಳಕ್ಕೆ ಒಂದು ನಳಿಕೆ ಜೋಡಿಸ್ತಾರೆ. ನಳಿಕೆಯ ಇನ್ನೊಂದು ತುದಿಯಲ್ಲಿ ಯು ಆಕಾರದ ಗಾಜಿನ ಕೊಳವೆ, ಅದರಲ್ಲಿ ಪಾದರಸ. ರಕ್ತದ ಒತ್ತಡ ಏರಿದರೆ ಪಾದರಸ ಏರುತ್ತೆ, ಇಳಿದರೆ ಇಳಿಯುತ್ತೆ. ಪಾದರಸದ ಮೇಲೆ ತೇಲೋ ಒಂದು ಕಡ್ಡಿ, ಕಡ್ಡಿಯ ತುದಿಗೆ ಮುಳ್ಳು. ಮುಳ್ಳಿನ ಎದುರಿಗೆ ನಿಧಾನಕ್ಕೆ ತಿರುಗೋ ಒಂದು ಉರುಳೆ. ಉರುಳೆಗೆ ಸುತ್ತಿದ ಕಾಗದಕ್ಕೆ ದೀಪದ ಹೊಗೆ ಹಿಡಿಸಿ ಮಸಿ ಮಾಡಿರ್ತಾರೆ. ಮುಳ್ಳು ಮಸಿಯನ್ನು ಗೀರುತ್ತಾ ಹೋದಂತೆ ಕಪ್ಪಿನ ಮೇಲೆ ಬಿಳಿ ಗೆರೆ. ಉಸಿರಿಗೂ ಹೀಗೇ ಇನ್ನೊಂದು ಗೆರೆ. ಕಾಡಿಗೆ ಹಚ್ಚಿದ ಕಾಗದದ ಮೇಲೆ ಒಂದು ಜೀವದ ಕೊನೆಯ ಹತ್ತು ನಿಮಿಷ ತಾನೇ ಬರೆದುಕೊಂಡು ಹೋಗುತ್ತೆ. ಒಂದು ಗೆರೆ ಸಪಾಟಾದ ಮೇಲೂ ಇನ್ನೊಂದು ನಡುಗುತ್ತಾ ಇರುತ್ತೆ. ಯಾವುದು ಮೊದಲು ಸಪಾಟಾಯ್ತು ಅನ್ನೋದೇ ಪ್ರಶ್ನೆ. ನಾವು ಲಾಗ್ ಫೈಲ್ ನೋಡಿ ಯಾವ ಸರ್ವರ್ ಮೊದಲು ಬಿತ್ತು ಅಂತ ಹುಡುಕ್ತೀವಲ್ಲ, ಅದೇ.

ಕೊನೆಗೆ ಬ್ರಂಟನ್ ಲಂಡನ್ನಿಗೆ ತಂತಿ ಕಳಿಸಿದ. ನಾಯಿ, ಕುದುರೆ, ಕೋತಿ, ಆಡು, ಬೆಕ್ಕು, ಮೊಲ ಎಲ್ಲ ಸೇರಿ 490 ಪ್ರಾಣಿಗಳು. ಅದರಲ್ಲಿ 120ರ ಮೇಲೆ ಯಂತ್ರದ ದಾಖಲೆ. ಅಪಾಯ ಇರೋದು ಉಸಿರುಕಟ್ಟುವುದರಿಂದ ಅಥವಾ ಔಷಧಿ ಹೆಚ್ಚಾಗೋದರಿಂದ, ನೇರವಾಗಿ ಹೃದಯದಿಂದ ಏನೇನೂ ಇಲ್ಲ ಅನ್ನೋದು ಅದರ ಸಾರ. ವಿರೋಧಿಯಾಗಿ ಬಂದವನು ಪೂರ್ತಿ ಮನಸ್ಸು ಬದಲಿಸಿದ್ದ. ಲಾರಿಗೆ ಎಷ್ಟು ಖುಷಿಯಾಗಿರಬೇಡ!

ಇಲ್ಲಿಗೆ ಕಥೆ ಮುಗಿದಿದ್ದರೆ ನಾನೂ ಹೈದರಾಬಾದಿಗೆ ಜೈ ಅಂತ ಬರೆದು ಮುಗಿಸ್ತಿದ್ದೆ. ಓದುವಾಗ ಮೊದಲು ನನಗೆ ಹಾಗೇ ಅನ್ನಿಸಿತ್ತು ಕೂಡ. ಬಿಳಿಯರ ಪತ್ರಿಕೆಗೆ ನಮ್ಮ ಸಂಸ್ಥಾನದ ಆಸ್ಪತ್ರೆ ಸರಿಯಾಗಿ ಉತ್ತರ ಕೊಟ್ಟಿತು ಅಂತ ಒಂಥರಾ ಹೆಮ್ಮೆ. ಆದರೆ ಅವರ ತೀರ್ಪು ತಪ್ಪಾಗಿತ್ತು.

ಸುಳ್ಳು ಬರೆದಿದ್ದರು ಅಂತಲ್ಲ. ಗೆರೆಗಳು ನಿಜ. ಔಷಧಿ ಏರಿಸುತ್ತಾ ಹೋದರೆ ಸಾಮಾನ್ಯವಾಗಿ ಉಸಿರೇ ಮೊದಲು ನಿಲ್ಲುತ್ತೆ, ಅದೂ ನಿಜ. ನಿಂತ ಕೂಡಲೇ ಕೃತಕ ಉಸಿರಾಟ ಕೊಟ್ಟರೆ ಪ್ರಾಣಿ ಬದುಕುತ್ತೆ ಅನ್ನೋದನ್ನೂ ಮತ್ತೆ ಮತ್ತೆ ತೋರಿಸಿದರು. ಇದರಿಂದ ಎಷ್ಟೋ ರೋಗಿಗಳು ಬದುಕಿರಬೇಕು. ಹ್ಯಾನಾ ಗ್ರೀನರಳ ಪ್ರಕರಣವನ್ನು ಮರೆತಿದ್ದರು ಅಂತಲೂ ಅಲ್ಲ. ಅರೆಮಂಪರಿನಲ್ಲಿರುವಾಗ ಕತ್ತಿ ಹಾಕಿದರೆ ಆಘಾತದಿಂದ ಹೃದಯ ನಿಲ್ಲುತ್ತೆ ಅಂತ ಲಂಡನ್ನಿನವರು ಹೇಳ್ತಿದ್ದರಲ್ಲ, ಅದಕ್ಕೂ ಪ್ರಯೋಗ ಮಾಡಿದ್ದರು. ಅರೆಮಂಪರಿನ ಪ್ರಾಣಿಗಳ ಹಲ್ಲು ಕಿತ್ತರು, ಕಣ್ಣಿನ ಸ್ನಾಯು ಕತ್ತರಿಸಿದರು, ಉಗುರು ಕೂಡ ಕಿತ್ತರು. (ಇದನ್ನು ಟೈಪ್ ಮಾಡುವಾಗ ನನ್ನ ಕೈ ಸ್ವಲ್ಪ ತಡೆಯಿತು.) ಒಂದೂ ಹೃದಯ ನಿಂತು ಸಾಯಲಿಲ್ಲ.

ಅವರದೇ ದಾಖಲೆಯಲ್ಲಿ ಇನ್ನೊಂದು ಗೆರೆಯಿತ್ತು. ಕ್ಲೋರೋಫಾರ್ಮ್ ಏರಿದಂತೆ ರಕ್ತದೊತ್ತಡ ಇಳಿಯುತ್ತಾ ಹೋಗಿತ್ತು. ಲಾರಿ ಅದನ್ನು ಒಳ್ಳೆಯದೇ ಅಂದ. ಒತ್ತಡ ಇಳಿದರೆ ಮೆದುಳಿಗೆ ಹೋಗುವ ಔಷಧಿ ಕಡಿಮೆಯಾಗುತ್ತೆ, ಅದು ದೇಹದ ರಕ್ಷಣೆ ಅಂತ. 1893ರಲ್ಲಿ ಗ್ಯಾಸ್ಕೆಲ್, ಶೋರ್ ಅನ್ನೋ ಇಬ್ಬರು ಕೇಂಬ್ರಿಜ್‌ನವರು ಒಂದು ಚುರುಕಾದ ಪ್ರಯೋಗ ಮಾಡಿದರು. ಎರಡು ಪ್ರಾಣಿಗಳ ರಕ್ತನಾಳಗಳನ್ನು ಜೋಡಿಸಿ, ಕ್ಲೋರೋಫಾರ್ಮ್ ಬೆರೆತ ರಕ್ತ ಒಮ್ಮೆ ಮೆದುಳಿಗೆ ಮಾತ್ರ, ಇನ್ನೊಮ್ಮೆ ಹೃದಯಕ್ಕೆ ಮಾತ್ರ ಹೋಗುವಂತೆ ಮಾಡಿದರು. ಮೆದುಳಿಗೆ ಹೋದಾಗ ಒತ್ತಡ ಬೀಳಲಿಲ್ಲ. ಹೃದಯಕ್ಕೆ ಹೋದಾಗ ಬಿತ್ತು. ಅಂದರೆ ಕ್ಲೋರೋಫಾರ್ಮ್ ಹೃದಯವನ್ನೇ ನೇರ ಹಿಡಿಯುತ್ತಿತ್ತು. ಒಂದೇ ಗೆರೆ, ಇವನ ಕಣ್ಣಿಗೆ ಕಾವಲು, ಅವರ ಕಣ್ಣಿಗೆ ಕಾಯಿಲೆ.

ಹ್ಯಾನಾಳ ಸಾವಿನ ಗುಟ್ಟು ಬಿಚ್ಚಿಕೊಂಡಿದ್ದು ಇನ್ನೂ ತಡವಾಗಿ, 1911ರಲ್ಲಿ. ಗುಡ್‌ಮನ್ ಲೆವಿ ಅನ್ನೋ ಲಂಡನ್ನಿನ ವೈದ್ಯ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದ. ಜಾಸ್ತಿ ಕ್ಲೋರೋಫಾರ್ಮ್ ಅಲ್ಲ, ಕಡಿಮೆ. ಆ ಅರೆಮಂಪರಿನಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿದರೆ ಹೃದಯ ಮಿಡಿಯೋದು ಬಿಟ್ಟು ಸುಮ್ಮನೆ ಅದುರೋಕೆ ಶುರುವಾಗುತ್ತೆ, ಬೆಕ್ಕು ಅಲ್ಲೇ ಸಾಯುತ್ತೆ. ಅಡ್ರಿನಲಿನ್ ಅಂದರೆ ಗೊತ್ತಲ್ಲ, ಹೆದರಿದಾಗ ನಮ್ಮ ಮೈಯೇ ಸುರಿಸೋ ರಸ. ಹದಿನೈದರ ಹುಡುಗಿ, ಆಪರೇಷನ್ ಅಂದರೆ ನಡುಗುತ್ತಿರೋಳು, ಮೂಗಿಗೆ ಬಟ್ಟೆ, ಇನ್ನೂ ಪೂರ್ತಿ ಮಂಪರು ಹತ್ತಿಲ್ಲ, ಅಷ್ಟರಲ್ಲಿ ಉಗುರಿಗೆ ಕತ್ತಿ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಹೆಚ್ಚು ಕೊಟ್ಟರೆ ಅಪಾಯ ಅಂತ ಹೆದರಿ ಸ್ವಲ್ಪ ಸ್ವಲ್ಪವೇ ಕೊಟ್ಟು, ಮತ್ತೆ ತೆಗೆದು, ಮತ್ತೆ ಕೊಡುವ ಜಾಗ್ರತೆಯೇ ಅಪಾಯವಾಗಿತ್ತು.

ಹಾಗಾದರೆ ಉಗುರು ಕಿತ್ತರೂ ಹೈದರಾಬಾದಿನ ಪ್ರಾಣಿಗಳು ಯಾಕೆ ಸಾಯಲಿಲ್ಲ? ಇಲ್ಲಿ ನನ್ನೊಳಗಿನ ಇಂಜಿನಿಯರ್ ಸುಮ್ಮನಿರಲಾರದೆ ಒಂದು ಲೆಕ್ಕ ಹಾಕಿದ. ಇದು ಬರೀ ನನ್ನ ಲೆಕ್ಕ, ನಾಯಿಗೂ ಮನುಷ್ಯನಿಗೂ ಒಂದೇ ಅಳತೆ ಅಂತ ಹೇಳ್ತಿಲ್ಲ. ಯಾವುದೋ ಒಂದು ಅವಘಡ ಮೂರು ಸಾವಿರಕ್ಕೆ ಒಂದು ಸಲ ಆಗುತ್ತೆ ಅಂತಿಟ್ಟುಕೊಳ್ಳಿ. 490 ಸಲ ಪ್ರಯತ್ನಿಸಿದರೆ ಒಂದು ಸಲವೂ ಅದು ಕಾಣದೇ ಇರೋ ಸಾಧ್ಯತೆ ನೂರಕ್ಕೆ ಎಂಬತ್ತೈದು! 490 ಅನ್ನೋದು ಕೇಳೋಕೆ ದೊಡ್ಡ ಸಂಖ್ಯೆ. ಅಷ್ಟೊಂದು ನಾಯಿ, ಅಷ್ಟೊಂದು ಮಸಿ ಕಾಗದ. ಆದರೆ ಅಪರೂಪದ ಸಾವನ್ನು ಹಿಡಿಯೋಕೆ ಅದು ಏನೇನೂ ಸಾಲದು. ಲೆವಿ ಸಂಖ್ಯೆ ಹೆಚ್ಚಿಸೋಕೆ ಹೋಗಲಿಲ್ಲ, ಆ ಅಪರೂಪ ಎಲ್ಲಿ ಅಡಗಿದೆ ಅಂತ ಹುಡುಕಿ ಅಲ್ಲಿಗೇ ಕೈ ಹಾಕಿದ.

ನನಗೆ ಇದು ಚುಚ್ಚಿದ್ದಕ್ಕೆ ಕಾರಣವಿದೆ. ಹಿಂದೆ ಕೆಲಸ ಮಾಡ್ತಿದ್ದ ಕಡೆ ಹಣ ಪಾವತಿಯ ಒಂದು ಮಾಡ್ಯೂಲಿಗೆ ಟೆಸ್ಟ್ ಬರೆದವನು ನಾನೇ. ಐನೂರರ ಹತ್ತಿರ ಟೆಸ್ಟ್ ಕೇಸು, ಎಲ್ಲವೂ ಹಸಿರು. ಮೀಟಿಂಗಿನಲ್ಲಿ ಆ ಸಂಖ್ಯೆ ಹೇಳಿ ಬೀಗಿದ್ದೂ ಉಂಟು. ಲೋಡ್ ಏರಿಸಿ ಏರಿಸಿ ಸಿಸ್ಟಮ್ ಎಲ್ಲಿ ಬೀಳುತ್ತೆ ಅಂತ ನೋಡಿದ್ದೆ. ಅರ್ಧ ದುಡ್ಡು ಹೋಗಿ ನೆಟ್‌ವರ್ಕ್ ಕಡಿದು, ಬಳಕೆದಾರ ಗಾಬರಿಯಾಗಿ ಮತ್ತೆ ಬಟನ್ ಒತ್ತಿದರೆ ಏನಾಗುತ್ತೆ ಅಂತ ನೋಡಿರಲಿಲ್ಲ. ಬಿಡುಗಡೆಯಾದ ವಾರಕ್ಕೇ ಒಬ್ಬರ ಖಾತೆಯಿಂದ ಎರಡು ಸಲ ದುಡ್ಡು ಹೋಯ್ತು. ನನ್ನದು ದುಡ್ಡಿನಲ್ಲಿ ಮುಗಿಯಿತು, ವಾಪಸ್ ಕೊಟ್ಟೆವು.

ಕ್ಲೋರೋಫಾರ್ಮ್ ವಿಷಯದಲ್ಲಿ ವಾಪಸ್ ಕೊಡೋದು ಎಲ್ಲಿಂದ ಬಂತು? ಲಾರಿ 1901ರಲ್ಲಿ ಕ್ಲೋರೋಫಾರ್ಮ್ ಬಗ್ಗೆ ಪುಸ್ತಕ ಬರೆದಾಗಲೂ ತನ್ನ ಹಳೇ ಮಾತನ್ನೇ ಹಿಡಿದಿದ್ದ. ನಾಡಿ ಮೇಲೆ ಬೆರಳೇ ಇಡದವನಿಗೆ ನಾಡಿ ಮೊದಲು ನಿಂತದ್ದು ಹೇಗೆ ಗೊತ್ತಾಗಬೇಕು? ಹೃದಯ ನಿಂತ ಕೆಲವು ಕ್ಷಣಕ್ಕೆ ಉಸಿರೂ ನಿಲ್ಲುತ್ತೆ, ನೋಡ್ತಾ ಕೂತವನು ನೋಡಿ ಉಸಿರೇ ನಿಂತಿತು ಅಂತಾನೆ. ಅವನ ಸಿದ್ಧಾಂತಕ್ಕೆ ಇನ್ನೊಂದು ಪುರಾವೆ ಸಿಕ್ಕ ಹಾಗಾಯ್ತು!

ಪ್ರಾಣಿಗಳ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ 1876ರಿಂದಲೇ ಇಂಥ ಪ್ರಯೋಗಕ್ಕೆ ಲೈಸೆನ್ಸ್ ಬೇಕಿತ್ತು. ಆ ಕಾನೂನು ಹೈದರಾಬಾದಿನ ಬೀದಿನಾಯಿಗೆ ಅನ್ವಯವಾಗುತ್ತಿರಲಿಲ್ಲ. ನಮ್ಮಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದು, ಪ್ರಯೋಗಗಳ ಮೇಲೆ ಕಣ್ಣಿಡೋ ಸಮಿತಿಗೆ ಅವಕಾಶವಾಗಿದ್ದು 1960ರಲ್ಲಿ. ಪ್ರಾಣಿಗಳ ಮೇಲೆ ಪ್ರಯೋಗವೇ ಬೇಡ ಅನ್ನೋ ಧೈರ್ಯ ನನಗಿಲ್ಲ, ಅಪ್ಪ ಎದ್ದು ಬಂದಿದ್ದು ಅಂಥ ಪ್ರಯೋಗಗಳ ಋಣದಿಂದಲೇ. ಲೆವಿಯ ಬೆಕ್ಕುಗಳೂ ಅದರಲ್ಲಿ ಸೇರಿವೆ. ಆದರೆ ಉತ್ತರ ಮೊದಲೇ ಕೈಯಲ್ಲಿ ಹಿಡಿದುಕೊಂಡು, ಅದು ಸರಿ ಅಂತ ತೋರಿಸೋಕೆ 141 ಸಾಲದೆ ಇನ್ನೂ 490 ಜೀವ ತರಿಸಿದ್ದು ಮನಸ್ಸಿಗೆ ಕಸಿವಿಸಿಯಾಗುತ್ತೆ.

ಆ ಅಫ್ಜಲ್‌ಗಂಜ್ ಆಸ್ಪತ್ರೆ ಈಗಿಲ್ಲ. 1908ರ ಸೆಪ್ಟೆಂಬರಿನ ಮೂಸಿ ನದಿ ಪ್ರವಾಹದಲ್ಲಿ ಹೋಯ್ತು, ಆಮೇಲೆ ಉಸ್ಮಾನಿಯಾ ಆಸ್ಪತ್ರೆ ಕಟ್ಟಿದರು. ಲಾರಿಯ ಪಾಠಶಾಲೆಯಿಂದ ಬಂದ ಒಬ್ಬರ ಹೆಸರು ಮಾತ್ರ ಹೇಳಲೇಬೇಕು, ರೂಪಾಬಾಯಿ ಫರ್ದೂನ್‌ಜಿ. ಆ ಶಾಲೆಗೆ ಸೇರಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಹೈದರಾಬಾದಿನಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮ್ ಕೊಟ್ಟವರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಅಂತ ಅವರನ್ನು ಹಲವರು ಕರೆಯುತ್ತಾರೆ. ಅನುಭವ ಅಷ್ಟಿದ್ದರೂ 1909ರಲ್ಲಿ ಇನ್ನೂ ಕಲಿಯಬೇಕು ಅಂತ ಎಡಿನ್‌ಬರೋಗೆ ಹೋದರು. ಅಪ್ಪನ ತಲೆ ಹತ್ತಿರ ಕೂತಿದ್ದ ಡಾಕ್ಟರಮ್ಮನ ಮುತ್ತಜ್ಜಿ ಅಂತ ನಾನಂತೂ ಇವರನ್ನೇ ಅಂದುಕೊಂಡಿದ್ದೀನಿ.

ಇಷ್ಟನ್ನೂ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಈಗ ಕ್ಲೋರೋಫಾರ್ಮ್ ಇಲ್ಲ, ಬೇರೆ ಔಷಧಿ. ಬೆರಳಿಗೆ ಕ್ಲಿಪ್ಪು ಹಾಕಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡ್ತಾರೆ, ಕೊರೊನಾ ಕಾಲದಲ್ಲಿ ನಮ್ಮನೇಲೂ ಇತ್ತಲ್ಲ, ಅದೇ. ಎದೆಗೆ ಅಂಟಿಸಿದ ತಂತಿಯಲ್ಲಿ ಹೃದಯದ ಗೆರೆ, ಬಾಯಿಗೆ ಹಾಕಿದ ಕೊಳವೆಯಲ್ಲಿ ಉಸಿರಿನ ಗೆರೆ. ಎರಡೂ ಒಂದೇ ಪರದೆ ಮೇಲೆ, ಒಂದರ ಕೆಳಗೊಂದು ಅಂತ ವಿವರಿಸಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

"ಹೌದಾ... ಮೂಗಿಗೆ ಮುಚ್ಚೋಕ್ ಮುಂಚೆ ಆಯಮ್ಮ ನನ್ ಕೈ ಹಿಡ್ಕಂಡು, ಹೆದರ್ಕಬೇಡ ಯಜಮಾನ, ಊರು ಯಾವುದು, ಮಕ್ಳೆಷ್ಟು ಅಂತೆಲ್ಲ ಕೇಳಿದ್ರು. ಸುಮ್ನೆ ಮಾತಿಗೆ ಕೇಳ್ತಾರ ಅಂದ್ಕಂಡಿದ್ದೆ. ಅದೂ ಔಷಧಾನೇ ಏನು?"